ತ್ರ್ಯಂಬಕನ ‘ಆತು’ ಗುಂಡಿ

ಹೊನ್ನಾವರದ ತ್ರ್ಯಂಬಕ ಹೆಗಡೆ ಎಷ್ಟೋ ಮಂದಿಯನ್ನು ಸಮುದ್ರದಾಚೆ ಕಳಿಸಿದ್ದಾನೆ. ತಾನು ಮಾತ್ರ ಶರಾವತಿ ಸೇತುವೆ ದಾಟಿ ಭಟ್ಕಳಕ್ಕೆ ಹೋಗಿಬಂದರೆ ಅದನ್ನೇ ವಿದೇಶಯಾತ್ರೆಯ ಹಾಗೆ ಊರಿಡೀ ಹೇಳಿಕೊಂಡು ತಿರುಗುವವನು. ಹಾಗಂತ ಅವನಿಗೆ ಆಸೆ ಇರಲಿಲ್ಲವೆಂದಲ್ಲ. ಪ್ರಾಯದಲ್ಲಿ ಮಸ್ಕತ್ತಿನ ಒಂದು ಕಂಪನಿ ಅವನನ್ನು ಕರೆದಿತ್ತು. ಕೈಕೊಟ್ಟದ್ದು ಹೆಸರು. ‘ತ್ರ್ಯಂ’ ಎಂಬ ಒಂದಕ್ಷರವನ್ನು ಹೊರುವಷ್ಟು ಗಟ್ಟಿ ಇಂಗ್ಲಿಷ್ ನಮ್ಮ ಕಚೇರಿಗಳಲ್ಲಿ ಆಗ ಇರಲಿಲ್ಲ. ಶಾಲೆಯ ಸರ್ಟಿಫಿಕೇಟಿನಲ್ಲಿ ಅವನು ಟ್ರಿಯಂಬಕ, ಪಾಸ್‌ಪೋರ್ಟಿನಲ್ಲಿ ಟ್ರಾಂಬಕ, ರೇಷನ್ ಕಾರ್ಡಿನಲ್ಲಿ ತೆಂಬಕ. ಈ ಮೂವರಲ್ಲಿ ಯಾರನ್ನು ಕಳಿಸುತ್ತೀರಿ ಎಂದು ಕಂಪನಿಯವರು ಕೇಳಿದರು. ಮೂವರೂ ಹೊನ್ನಾವರದಲ್ಲೇ ಉಳಿದರು.

ಉಳಿದವನು ಬಸ್‌ಸ್ಟ್ಯಾಂಡಿನ ಹತ್ತಿರ, ಔಷಧದಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಝೆರಾಕ್ಸ್ ಮಷೀನು ಇಟ್ಟ. ಮೊದಲು ಗಲ್ಫಿಗೆ ಹೋಗುವವರ ಅರ್ಜಿ ತುಂಬಿಕೊಟ್ಟ. ಕಾಲ ಬದಲಾದ ಹಾಗೆ ಓದಲು ಹೋಗುವವರ ಅರ್ಜಿಗೂ ಕೈಹಾಕಿದ. ‘ಸಾಗರೋತ್ತರ ವಿದ್ಯಾ ಮಾರ್ಗದರ್ಶನ’ ಎಂದು ಬೋರ್ಡು ಬರೆಸಿದ. ಕೆನಡಾದಲ್ಲಿ ಯಾವ ತಿಂಗಳಲ್ಲಿ ಎಂಥ ಜಾಕೆಟ್ಟು ಬೇಕು, ಜರ್ಮನಿಯಲ್ಲಿ ಕಸವನ್ನು ಎಷ್ಟು ಡಬ್ಬಿಗಳಲ್ಲಿ ಬೇರೆ ಮಾಡಬೇಕು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಕುಮಟೆಯ ಬ್ಯಾಂಕಿನ ಏಸಿಯಲ್ಲಿ ಮೂಗು ಕಟ್ಟಿ ಸೀನುವ ಮನುಷ್ಯ, ಹಿಮದಲ್ಲಿ ಕಾಲು ಜಾರದಂತೆ ನಡೆಯುವುದು ಹೇಗೆಂದು ಮಕ್ಕಳಿಗೆ ಮಾಳಿಗೆಯ ಮೇಲೆ ನಡೆದು ತೋರಿಸುತ್ತಿದ್ದ.

ಭಟ್ಕಳದ ಹುಡುಗರು ಮಾತ್ರ ಅವನಲ್ಲಿಗೆ ಬರುತ್ತಿದ್ದುದು ಪ್ರಿಂಟ್ ತೆಗೆಸಲಿಕ್ಕೆ. ಅವರಿಗೆ ಒಬ್ಬ ಚಿಕ್ಕಪ್ಪ ದುಬೈಯಲ್ಲಿ, ಒಬ್ಬ ಭಾವ ಜಿದ್ದಾದಲ್ಲಿ. ಇವನು ಸಲಹೆ ಶುರುಮಾಡಿದರೆ, “ಅಂಕಲ್, ನೀವು ಎಲ್ಲಿ ಇದ್ದದ್ದು, ಶಾರ್ಜಾದಲ್ಲಾ?” ಎಂದು ತುಂಬ ಮರ್ಯಾದೆಯಿಂದ ಕೇಳುತ್ತಿದ್ದರು. ಆ ಮರ್ಯಾದೆ ಅವನಿಗೆ ಜೀರ್ಣವಾಗುತ್ತಿರಲಿಲ್ಲ.

ಹೀಗಿರುವಾಗ ಅವನಿಗೊಂದು ಯೋಚನೆ ಬಂತು. ಒಳ್ಳೆಯ ಯೋಚನೆಯೇ, ನಮ್ಮೂರ ಬಹಳ ಅನಾಹುತಗಳು ಒಳ್ಳೆಯ ಯೋಚನೆಗಳಿಂದಲೇ ಶುರುವಾಗುವುದು. ವಿದೇಶದಲ್ಲಿ ಓದಬೇಕೆನ್ನುವ ಮಕ್ಕಳಿಗೆ ದಾರಿ ತೋರಿಸುವ ಆ್ಯಪುಗಳು ಬೇಕಾದಷ್ಟಿದ್ದವು. ಎಲ್ಲವೂ ವಿಮಾನ ನಿಲ್ದಾಣದ ಅಧಿಕಾರಿಯ ಹಾಗೆ ಮಾತಾಡುತ್ತಿದ್ದವು. ನಮ್ಮ ಕರಾವಳಿಯ ಮಗುವಿಗೆ, ಅದರಲ್ಲೂ ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದ ಮಗುವಿಗೆ, ಪಕ್ಕದ ಮನೆಯ ಸೋದರಮಾವನ ಹಾಗೆ ಹೇಳಿಕೊಡುವ ಒಂದು ಆ್ಯಪ್ ಇದ್ದರೆ? ಪಾಸ್‌ಪೋರ್ಟಿನಿಂದ ಹಿಡಿದು ಪೆಟ್ಟಿಗೆ ಕಟ್ಟುವವರೆಗೆ ಒಂದೊಂದೇ ಹೆಜ್ಜೆ, ನಮ್ಮದೇ ಮಾತಿನಲ್ಲಿ?

ಅದಕ್ಕೆ ‘ಹೊರಟ್ಯಾ?’ ಎಂದು ಹೆಸರಿಟ್ಟ. ಹೆಂಡತಿ ವನಮಾಲಾ ಹೆಸರು ಕೇಳಿಯೇ ಸೌಟು ಕೆಳಗಿಟ್ಟಳು.

“ಹೊರಟವ್ಕೆ ‘ಎಲ್ಲಿಗೆ’ ಹೇಳಿ ಕೇಳ್ಲಾಗ. ಅಪಶಕುನ ಇದ್ದು.”

“‘ಎಲ್ಲಿಗೆ’ ಹೇಳಿ ಎಲ್ಲಿ ಕೇಳ್ತು ಅದು? ‘ಹೊರಟ್ಯಾ’ ಹೇಳಿ ಅಷ್ಟೇ ಕೇಳ್ತು.”

“ನಿಮ್ಮ ಹತ್ರ ವಾದ ಮಾಡಿ ಗೆದ್ದವ್ರು ಇಲ್ಲೆ. ಗೆದ್ದು ಉದ್ಧಾರ ಆದವ್ರೂ ಇಲ್ಲೆ,” ಎಂದು ಅವಳು ಸೌಟು ಎತ್ತಿಕೊಂಡಳು.

ಆ್ಯಪ್ ಕಟ್ಟಿಕೊಟ್ಟವಳು ಕುಮಟೆಯ ಸುಶ್ಮಿತಾ. ಇಂಜಿನಿಯರಿಂಗ್ ಓದಿ ಮನೆಯಲ್ಲೇ ಕೂತು ಅಂಗಡಿಗಳಿಗೆ, ಲಾಜುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ ಹುಡುಗಿ. ಮನೆಮಾತು ಕೊಂಕಣಿ, ಕನ್ನಡವನ್ನು ಶಾಲೆಯಲ್ಲಿ ಕಲಿತವಳಾದ್ದರಿಂದ ಅದನ್ನು ಅರ್ಥವಾಗುವ ಹಾಗೆಯೇ ಬಳಸುತ್ತಿದ್ದಳು. ತ್ರ್ಯಂಬಕನಿಗೆ ಅದೇ ಒಂದು ಕೊರತೆಯಾಗಿ ಕಂಡಿತು.

ಅವಳು ಪ್ರತಿ ಹೆಜ್ಜೆಯನ್ನೂ ಪ್ರಶ್ನೆಯಾಗಿ ಬರೆದಿದ್ದಳು: ‘ಪಾಸ್‌ಪೋರ್ಟ್ ಮಾಡಿಸಿದ್ದೀರಾ?’ ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ಮುಗಿದಿದೆ’, ಇನ್ನೊಂದರ ಮೇಲೆ ‘ಇನ್ನೂ ಇಲ್ಲ’.

“ಇದೆಂತ ಪೊಲೀಸ್ ಸ್ಟೇಷನ್ನಾ?” ಎಂದ ತ್ರ್ಯಂಬಕ. “ಹಿರಿಯರು ಹೀಗೆಲ್ಲ ವಿಚಾರಣೆ ಮಾಡ್ತ್ರಾ ಮಾರಾಯ್ತಿ? ‘ಪಾಸ್‌ಪೋರ್ಟ್ ಮಾಡಿಸ್ಬೇಕು ಮಗಾ’ ಅಂತ ಹೇಳ್ತ್ರು. ಹಾಗೆ ಬರಿ. ಎರಡು ಗುಂಡಿ ಬೇಡ, ಒಂದೇ ಸಾಕು.”

“ಒಂದರ ಮೇಲೆ ಎಂತ ಬರಿಯೂದು ಸರ್?”

“ಆತು.”

ಸುಶ್ಮಿತಾ ಕೇಳಿದಳು: “ಸರ್, ಆತು ಅಂದ್ರೆ ‘ಮಾಡಿ ಮುಗಿಸಿದೆ’ ಅಂತನಾ, ‘ಸರಿ, ಮಾಡ್ತೆ’ ಅಂತನಾ?”

“ಎರಡೂ,” ಎಂದ ತ್ರ್ಯಂಬಕ, ಮಗುವಿನ ತಲೆ ನೇವರಿಸುವ ದನಿಯಲ್ಲಿ. “ಅದೇ ನಮ್ಮ ಭಾಷೆ ಚಂದ. ನಿಮ್ಮ ಕಂಪ್ಯೂಟರಿಗೆ ಅದು ತಿಳಿಯುದಿಲ್ಲ, ನಮ್ಮ ಮಕ್ಕಳಿಗೆ ತಿಳೀತದೆ.”

ಈ ‘ಆತು’ ಎಂಬ ಮಾತಿನ ಬಗ್ಗೆ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಬಡಗಿಗೆ ‘ಬಾಗಿಲು ಸರಿಮಾಡಿಕೊಡು’ ಎಂದರೆ ‘ಆತು’ ಎನ್ನುತ್ತಾನೆ. ಬಾಗಿಲಿಲ್ಲದೆ ಒಂದು ಮಳೆಗಾಲ ಕಳೆಯುತ್ತದೆ. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು ‘ಆತು’ ಎಂದು ಎದ್ದರೆ, ಮದುವೆ ಗಟ್ಟಿಯಾಯಿತೋ ಅವಲಕ್ಕಿ ಮುಗಿಯಿತೋ ಎಂದು ಹೆಣ್ಣಿನ ತಂದೆ ನಿದ್ದೆಗೆಡುತ್ತಾನೆ. ಸತ್ತವರ ಮನೆಯಲ್ಲೂ ‘ಆತು’, ಹೆತ್ತವರ ಮನೆಯಲ್ಲೂ ‘ಆತು’. ಎದುರು ನಿಂತು ಮುಖ ನೋಡಿದರೆ ಯಾವುದು ಎಂಥ ಆತು ಎಂದು ತಿಳಿಯುತ್ತದೆ. ಮುಖ ನೋಡಲು ಮಷೀನಿಗೆ ಬರುವುದಿಲ್ಲ. ಹೇಳಿಕೊಟ್ಟರೆ ಒಂದು ಅರ್ಥ ಮಾತ್ರ ಇಟ್ಟುಕೊಳ್ಳುತ್ತದೆ. ಸುಶ್ಮಿತಾ ಬೇರೆ ದಾರಿ ಕಾಣದೆ ಅದಕ್ಕೆ ‘ಮುಗಿದಿದೆ’ ಎಂಬ ಅರ್ಥ ಕೊಟ್ಟಳು.

ತ್ರ್ಯಂಬಕ ಇನ್ನೊಂದು ಸುಧಾರಣೆಯನ್ನೂ ಸೂಚಿಸಿದ. ವಿಶ್ವವಿದ್ಯಾಲಯಗಳಿಂದ ಮಕ್ಕಳಿಗೆ ಬರುವ ರಾಶಿ ಇಂಗ್ಲಿಷ್ ಪತ್ರಗಳು ನೇರ ಆ್ಯಪಿಗೇ ಬರಬೇಕು, ಅವನ್ನು ಅದೇ ಓದಿ, ಸಾರಾಂಶವನ್ನು ಕನ್ನಡದಲ್ಲಿ ಹೇಳಬೇಕು. ಮುಗಿದುಹೋದ ಹೆಜ್ಜೆಯ ಬಗ್ಗೆ ಮತ್ತೆ ಮತ್ತೆ ಪತ್ರ ಬಂದರೆ ಮಗುವಿಗೆ ತೋರಿಸದೆ ಒಳಗೆ ಎತ್ತಿಡಬೇಕು. “ಮುಗಿದ ಮದುವೆಗೆ ವಾಲಗ ಎಂತಕ್ಕೆ?” ಎಂದ. ಸುಶ್ಮಿತಾ ಅದನ್ನೂ ಮಾಡಿದಳು. ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಬೀಳುವುದೂ ಹೌದು. ಆ ದಿನ ಕುಮಟೆಯಲ್ಲಿ ಇಬ್ಬರು ಬುದ್ಧಿವಂತರು ಸೇರಿ ತೋಡಿದ್ದು ಯಾವುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಬಿದ್ದವಳು ಅರ್ಚನಾ.

ಅರ್ಚನಾ ಮಾವಿನಕುರ್ವೆಯವಳು. ತಂದೆ ವೆಂಕಟ್ರಮಣ ಮಲ್ಪೆಯ ಬೋಟಿನಲ್ಲಿ ದುಡಿಯುತ್ತ ವರ್ಷದ ಹೆಚ್ಚು ಭಾಗ ಅಲ್ಲೇ. ತಾಯಿ ಗಂಗೆ ಹೊನ್ನಾವರದ ಮೀನುಪೇಟೆಯಲ್ಲಿ ಕೂರುವವಳು. ಹುಡುಗಿ ಬಿ.ಎಸ್ಸಿ. ಮುಗಿಸಿದ್ದಳು. ಶರಾವತಿಯ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪಿನ ಜೀವಿ ಯಾಕೆ ಕಡಿಮೆಯಾಗುತ್ತಿದೆ ಎಂದು ಕಾಲೇಜಿನಲ್ಲಿರುವಾಗಲೇ ನೀರಿಗಿಳಿದು ಬರೆದುಕೊಂಡವಳು. ಆ ಬರಹವನ್ನೇ ನಾರ್ವೆಯ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಳು. ಅವರು ಸೀಟೂ ಕೊಟ್ಟರು, ಪೂರ್ತಿ ಖರ್ಚೂ ಕೊಡುತ್ತೇವೆಂದರು. ಆ ಧರ್ಮದ ಸೀಟು ಇಡೀ ಲೋಕಕ್ಕೆ ಒಂದೋ ಎರಡೋ ಇದ್ದದ್ದು.

‘ಹೊರಟ್ಯಾ?’ಗೆ ಸೇರಿದ ಮೊದಲ ಮಕ್ಕಳಲ್ಲಿ ಅವಳೊಬ್ಬಳು, ನಾರ್ವೆಗೆ ಅರ್ಜಿ ಹಾಕುವ ಮೊದಲೇ ಸೇರಿದ್ದಳು. ಆ್ಯಪ್ ‘ಪಾಸ್‌ಪೋರ್ಟ್ ಮಾಡಿಸ್ಬೇಕು ಮಗಾ’ ಎಂದಿತು. ಹಿರಿಯರು ಹೇಳಿದ ಮಾತಿಗೆ ಒಳ್ಳೆಯ ಮನೆಯ ಹುಡುಗಿ ಏನು ಹೇಳಬೇಕೋ ಅದನ್ನೇ ಹೇಳಿದಳು, ‘ಆತು’ ಒತ್ತಿದಳು. ಒತ್ತಿ, ಹೋಗಿ ಪಾಸ್‌ಪೋರ್ಟ್ ಮಾಡಿಸಿದಳು. ‘ಇಂಗ್ಲಿಷ್ ಪರೀಕ್ಷೆ ಕಟ್ಟಬೇಕು ಮಗಾ’ ಎಂದಾಗಲೂ ಹಾಗೆಯೇ: ಮೊದಲು ಆತು, ಆಮೇಲೆ ಕೆಲಸ. ಮಾತಿಗೆ ತಪ್ಪದ ಹುಡುಗಿಯಾದ್ದರಿಂದ ಮಷೀನಿನ ತಪ್ಪು ಯಾರಿಗೂ ಕಾಣಲಿಲ್ಲ. ಸೋಮಾರಿಯಾಗಿದ್ದರೆ ಮೊದಲ ಹೆಜ್ಜೆಯಲ್ಲೇ ಸಿಕ್ಕಿಬಿದ್ದು ಬಚಾವಾಗುತ್ತಿದ್ದಳು.

ಕೊನೆಯ ಹೆಜ್ಜೆ ಬಂತು. ‘ನಾರ್ವೆಯವರು ಸೀಟು ಕೊಟ್ಟಿದ್ದಾರೆ. ಒಪ್ಪಿಗೆ ತಿಳಿಸ್ಬೇಕು ಮಗಾ.’ ಕೆಳಗೆ ಗುಂಡಿ. ಒಪ್ಪಿಗೆ ಎಂದರೆ ನಮ್ಮಲ್ಲಿ ಇರುವುದು ಒಂದೇ ಶಬ್ದ. ಅರ್ಚನಾ ದೇವರ ಗೂಡಿನ ಮುಂದೆ ನಿಂತು, ತಾಯಿಯನ್ನು ಪಕ್ಕಕ್ಕೆ ಕರೆದು, ‘ಆತು’ ಒತ್ತಿದಳು. ತೆರೆಯ ಮೇಲೆ ಹೂಮಳೆ ಸುರಿಯಿತು. ‘ಶಾಬಾಸ್ ಮಗಾ! ಇನ್ನು ಪೆಟ್ಟಿಗೆ ಕಟ್ಟು’ ಎಂದಿತು ಆ್ಯಪ್.

ಆದರೂ ಹುಡುಗಿ ಮರುದಿನ ತ್ರ್ಯಂಬಕನ ಮಾಳಿಗೆ ಹತ್ತಿ ಫೋನು ತೋರಿಸಿದಳು.

“ಸರ್, ಒಪ್ಪಿಗೆಗೆ ಇನ್ನೆಂತಾರು ಮಾಡುದು ಇದ್ಯಾ? ಅವ್ರಿಗೆ ಪತ್ರ ಗಿತ್ರ?”

ತ್ರ್ಯಂಬಕ ಹೂಮಳೆಯನ್ನು ನೋಡಿದ. ಆ ಹೂಗಳನ್ನು ಉದುರಿಸುವುದೂ ಅವನದೇ ಸಲಹೆ. ನಂದಿಬಟ್ಟಲು ಹೂವೇ ಆಗಬೇಕೆಂದು ಹಟ ಹಿಡಿದು ಹಾಕಿಸಿದ್ದ. ಒಂದೊಂದು ಎಸಳೂ ಚೆನ್ನಾಗಿ ಬಂದಿತ್ತು.

“ಇನ್ನೆಂತದೂ ಇಲ್ಲ ಮಗಾ. ಎಲ್ಲಾ ಆತು. ಆರಾಮ್ ಇರು.”

ಹುಡುಗಿ ಆರಾಮಾಗಿದ್ದಳು. ಗಂಗೆ ಮೀನುಪೇಟೆಯಲ್ಲಿ ಬಂಗಡೆಯ ಬೆಲೆ ಕೇಳಿದವರಿಗೆ ಮೊದಲು ಮಗಳ ಸೀಟಿನ ಸುದ್ದಿ ಹೇಳಿ, ಬೆಲೆ ಆಮೇಲೆ ಹೇಳತೊಡಗಿದಳು.

ಇಷ್ಟಾಗುವಾಗ ಕುಮಟೆಯ ಒಂದು ಸಭಾಂಗಣದಲ್ಲಿ ಆ್ಯಪಿನ ಲೋಕಾರ್ಪಣೆ ಗೊತ್ತಾಯಿತು. ಭಟ್ಕಳ, ಹೊನ್ನಾವರ, ಕುಮಟೆ, ಮೂರೂ ತಾಲೂಕುಗಳ ಕಾಲೇಜುಗಳವರು ಬರುವವರಿದ್ದರು. ಅವರು ಒಪ್ಪಿದರೆ ‘ಹೊರಟ್ಯಾ?’ ಭಟ್ಕಳದಿಂದ ಕುಮಟೆಯವರೆಗೆ ಪ್ರತಿ ಮಗುವಿನ ಫೋನಿನಲ್ಲಿ ಕೂರುತ್ತಿತ್ತು. ಆ್ಯಪಿನಿಂದ ಸೀಟು ಗಿಟ್ಟಿಸಿದ ಮೊದಲ ವಿದ್ಯಾರ್ಥಿನಿ ಅರ್ಚನಾಳಿಗೆ ಅದೇ ವೇದಿಕೆಯಲ್ಲಿ ಸನ್ಮಾನ. ಅವಳ ಫೋಟೋದ ಪೋಸ್ಟರುಗಳು ಮುದ್ರಣವಾಗಿ ಬಂದವು: ‘ಮಾವಿನಕುರ್ವೆಯಿಂದ ನಾರ್ವೆಗೆ!’ ಪ್ರಾಸ ತ್ರ್ಯಂಬಕನದು. ಅದು ಹೊಳೆದ ದಿನ ಅವನಿಗೆ ಊಟ ಸೇರಿರಲಿಲ್ಲ.

ಸಮಾರಂಭ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಸಭಾಂಗಣದಲ್ಲಿ ಸುಶ್ಮಿತಾ ದೊಡ್ಡ ಪರದೆಯನ್ನು ಅಣಿಮಾಡುತ್ತಿದ್ದಳು. ಆ್ಯಪಿನ ಹೂಮಳೆಯ ಜೊತೆಗೆ ವಿಶ್ವವಿದ್ಯಾಲಯದ ನಿಜವಾದ ಪತ್ರವನ್ನೂ ತೋರಿಸಿದರೆ ಗಂಭೀರವಾಗಿರುತ್ತದೆ ಎಂದು ತ್ರ್ಯಂಬಕನಿಗೆ ಅನಿಸಿತು. ಅರ್ಚನಾಳ ಒಪ್ಪಿಗೆ ಪಡೆದು ಸುಶ್ಮಿತಾ ಒಳಗೆ ಎತ್ತಿಟ್ಟ ಪತ್ರಗಳನ್ನು ತೆರೆದಳು. ಓದಿದಳು. ಇನ್ನೊಂದು ಓದಿದಳು. ಆಮೇಲೆ ಪರದೆಯ ತಂತಿ ಕಿತ್ತು, ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು.

ನಾರ್ವೆಯವರು ಕಾದಿದ್ದರು. ನಿಮ್ಮ ಒಪ್ಪಿಗೆ ಇನ್ನೂ ನಮ್ಮ ತಾಣದಲ್ಲಿ ದಾಖಲಾಗಿಲ್ಲ ಎಂದು ಬರೆದಿದ್ದರು. ಮತ್ತೆ ಬರೆದಿದ್ದರು. ನಿಮಗೇನಾದರೂ ತೊಂದರೆಯಾಗಿದೆಯೇ ಎಂದು ಒಬ್ಬ ಹೆಂಗಸು ತನ್ನ ಸ್ವಂತ ಫೋನ್ ನಂಬರು ಕೊಟ್ಟು ಕೇಳಿದ್ದಳು. ಕೊನೆಯ ಪತ್ರ ಸಣ್ಣದು. ಉತ್ತರ ಬಾರದ ಕಾರಣ ಸೀಟನ್ನೂ ನೆರವನ್ನೂ ಮುಂದಿನವರಿಗೆ ಕೊಟ್ಟಿದ್ದೇವೆ. ಒಮ್ಮೆ ಕೊಟ್ಟದ್ದಕ್ಕೆ ಉತ್ತರಿಸದವರನ್ನು ಈ ನೆರವಿಗೆ ಮತ್ತೆ ಪರಿಗಣಿಸುವ ಕ್ರಮವಿಲ್ಲ. ನಿಮ್ಮ ಬಳಚಿನ ಅಧ್ಯಯನಕ್ಕೆ ಶುಭವಾಗಲಿ. ಮುಗಿದ ಮದುವೆಗೆ ಊದಿದ ವಾಲಗವೆಲ್ಲ ಒಳಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು.

“ಸರ್, ಅವ್ಳಿಗೆ ಈಗ್ಲೇ ಹೇಳ್ಬೇಕು,” ಎಂದಳು ಸುಶ್ಮಿತಾ.

ತ್ರ್ಯಂಬಕ ಕುರ್ಚಿ ಹುಡುಕಿ ಕೂತ. ಕೆಟ್ಟ ಮನುಷ್ಯನಲ್ಲ ಅವನು. ಅವನ ಕಣ್ಣಿಗೆ ಮೊದಲು ಬಂದದ್ದು ಅರ್ಚನಾಳ ಮುಖವೇ. ಆದರೆ ಆ ಮುಖ ಬಂದದ್ದು ಪೋಸ್ಟರಿನ ರೂಪದಲ್ಲಿ, ಹಿಂದಿನಿಂದಲೇ ಪ್ರಾಸವೂ ಬಂತು, ಅದರ ಹಿಂದೆ ಮೂರು ತಾಲೂಕುಗಳ ಪ್ರಿನ್ಸಿಪಾಲರು ಸಾಲಾಗಿ ಬಂದರು.

“ಈಗ ಹೇಳಿದ್ರೆ ಸೀಟು ವಾಪಸ್ ಬತ್ತದಾ?”

“ಇಲ್ಲ.”

“ಮತ್ತೆ? ಆ ಬಡಪಾಯಿ ಗಂಗೆ ಊರಿಗೆಲ್ಲ ಹೇಳಿ, ಸೀರೆ ಉಟ್ಕಂಡು ಬರ್ತಾ ಇದ್ದಾಳೆ. ಇವತ್ತೊಂದು ದಿನ ಅವ್ರು ಸಂತೋಷವಾಗಿರ್ಲಿ ಅಂತ ನನಗೆ. ಫಂಕ್ಷನ್ ಮುಗೀಲಿ, ಸಾವಕಾಶ ನಾನೇ ಹೇಳ್ತೆ. ನೀನು ಬಾಯಿ ಬಿಡ್ಬೇಡ. ಆತಾ?”

ಸುಶ್ಮಿತಾ ಅವನ ಮುಖವನ್ನೇ ನೋಡಿದಳು.

“ಆತು ಸರ್.”

ತ್ರ್ಯಂಬಕನಿಗೆ ಸಮಾಧಾನವಾಯಿತು.

ಸಮಾರಂಭ ಚೆನ್ನಾಗಿ ಆಯಿತು. ಮುಖ್ಯ ಅತಿಥಿಗಳು ನಾರ್ವೆಯನ್ನು ಸ್ವಿಟ್ಜರ್ಲೆಂಡಿನ ರಾಜಧಾನಿ ಎಂದರು. ಅದನ್ನು ಯಾರೂ ತಿದ್ದಲಿಲ್ಲ. ಅರ್ಚನಾಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಲೆಗೆ ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು, ಸಭೆ ನಕ್ಕಿತು. ಅವಳು ನಗಲಿಲ್ಲ. ಎರಡು ಮಾತು ಆಡು ಎಂದಾಗ ಮೈಕಿನ ಮುಂದೆ ನಿಂತು, “ನಮ್ಮ ಅಮ್ಮ ಇಲ್ಲಿ ಮುಂದೆ ಕೂತಿದ್ದಾಳೆ. ಇನ್ನುಳಿದದ್ದು ತ್ರ್ಯಂಬಕ ಸರ್ ಹೇಳ್ತಾರೆ,” ಎಂದಳು. ಹೇಳಿ ಅವನ ಕಡೆ ತಿರುಗಿ ನಿಂತಳು. ತುಂಬ ಹೊತ್ತು ನಿಂತಳು.

ಎಂಥ ವಿನಯ ಎಂದು ಸಭೆ ಚಪ್ಪಾಳೆ ಹೊಡೆಯಿತು. ತ್ರ್ಯಂಬಕ ಎದ್ದು ಮೈಕು ಹಿಡಿದ. ಗಂಟಲು ಸರಿಮಾಡಿಕೊಂಡ. ಆ ಕ್ಷಣ ನಿಜವಾಗಿಯೂ ಹೇಳಬೇಕೆಂದು ಅವನಿಗೆ ಅನಿಸಿತ್ತು ಎಂದು ಆಮೇಲೆ ಹೆಂಡತಿಗೆ ಆಣೆಮಾಡಿ ಹೇಳಿದ್ದಾನೆ. ಆದರೆ ಎದುರಿಗೆ ಇಡೀ ಸಭಾಂಗಣ, ಅಷ್ಟೂ ಮುಖಗಳಲ್ಲಿ ನಗು. ಜೀವಮಾನದಲ್ಲಿ ಅಷ್ಟು ಜನ ಅವನನ್ನು ನೋಡಿ ಒಟ್ಟಿಗೆ ನಕ್ಕದ್ದು, ಅದೂ ಗೇಲಿಯಿಲ್ಲದೆ ನಕ್ಕದ್ದು, ಅದೇ ಮೊದಲು.

“ಮಾವಿನಕುರ್ವೆಯಿಂದ ನಾರ್ವೆಗೆ!” ಎಂದ.

ಚಪ್ಪಾಳೆಗೆ ಪರದೆ ಅಲುಗಿತು. ಮೂರೂ ತಾಲೂಕುಗಳವರು ಅಲ್ಲೇ ಒಪ್ಪಿಕೊಂಡರು.

ತಾಯಿಮಗಳನ್ನು ಅವನೇ ತನ್ನ ಹಳೆಯ ಮಾರುತಿ ಕಾರಿನಲ್ಲಿ ಹೊನ್ನಾವರಕ್ಕೆ ಕರೆದುಕೊಂಡು ಹೊರಟ. ಗಂಗೆ ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬಾಯಿ ನಿಂತಿರಲಿಲ್ಲ.

“ಹೆಗಡೇರೆ, ಆ ಊರಲ್ಲಿ ಮೀನು ಸಿಕ್ತದ್ಯಾ?”

“ಸಿಕ್ತದೆ.”

“ಸಿಕ್ರೆ ಆತು. ಮೀನಿದ್ದಲ್ಲಿ ನಮ್ಮವ್ರು ಬದುಕ್ತ್ರು. ಚಳಿಗೆ ಎಂತ ಹಾಕ್ಕಂಬುದು ಅಂತ ನೀವೇ ಹೇಳ್ಕೊಡ್ಬೇಕು, ಈ ಹುಡ್ಗಿಗೆ ಒಂದೂ ಗೊತ್ತಿಲ್ಲ.”

ಹಳದಿಪುರದ ಹತ್ತಿರ ಗಂಗೆ ಕಾರು ನಿಲ್ಲಿಸೆಂದಳು. ಪೇಟೆಯ ಹೆಂಗಸರಿಗೆ ಹಂಚಲು ಲಾಡು ಬೇಕಂತೆ. ಬುಟ್ಟಿಯನ್ನು ಸೀಟಿನ ಮೇಲಿಟ್ಟು ಅಂಗಡಿಗೆ ಹೋದಳು. ಕಾರಿನಲ್ಲಿ ಇಬ್ಬರೇ ಉಳಿದರು.

ತ್ರ್ಯಂಬಕ ಸ್ಟೇರಿಂಗಿಗೆ ಹೇಳಿದ: “ಅರ್ಚನಾ, ಒಂದು ಸಣ್ಣ ವಿಷಯ ಇತ್ತು.”

“ಗೊತ್ತು ಸರ್.”

“ಎಂತ ಗೊತ್ತು?”

“ಸೀಟು ಹೋದದ್ದು. ಸುಶ್ಮಿತಾ ಅಕ್ಕ ಬೆಳಿಗ್ಗೆಯೇ ಹೇಳಿದ್ರು. ಪತ್ರ ಎಲ್ಲ ಓದಿದೆ.”

ತ್ರ್ಯಂಬಕನಿಗೆ ಮೊದಲು ಆದದ್ದು ಬಿಡುಗಡೆ. ನಾಚಿಕೆ ಆಮೇಲೆ ಬಂತು, ಅದೂ ತಡವಾಗಿ ಬಂದ ಬಸ್ಸಿನ ಹಾಗೆ, ಹತ್ತುವವರೆಲ್ಲ ಹೋದ ಮೇಲೆ.

“ಗೊತ್ತಿದ್ದೂ ಸ್ಟೇಜಿಗೆ ಎಂತಕ್ಕೆ ಬಂದೆ?”

“ಅಮ್ಮ ಮುಂದಿನ ಸಾಲಲ್ಲಿ ಕೂತಿದ್ಲು. ಅವ್ಳನ್ನ ಎಬ್ಬಿಸಿ ಕರ್ಕೊಂಡು ಹೋಗೂಕೆ ಆಗ್ಲಿಲ್ಲ. ಮತ್ತೆ, ನೀವು ಹೇಳ್ತ್ರಿ ಅಂದ್ಕಂಡೆ. ಅದಕ್ಕೇ ಮೈಕ್ ನಿಮ್ಗೆ ಕೊಟ್ಟೆ.”

ಅವನು ಕನ್ನಡಿಯಲ್ಲಿ ಅವಳನ್ನು ನೋಡಲು ಹೋದ. ಬಗ್ಗಿದ ತಲೆ ಮಾತ್ರ ಕಂಡಿತು. ಅವಳು ಪೇಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಜರಿಯ ಎಳೆ ಬಿಡಿಸುತ್ತಿದ್ದಳು.

“ಅಮ್ಮಂಗೆ ನೀವೇ ಹೇಳಿ ಸರ್. ನನ್ನ ಹತ್ರ ಆಗುದಿಲ್ಲ.”

ಗಂಗೆ ಪೊಟ್ಟಣದೊಂದಿಗೆ ಬಂದಳು. ಬಂದವಳು ಕಾರು ಹತ್ತುವ ಮೊದಲು ಕಿಟಕಿಯಲ್ಲಿ ಕೈ ಹಾಕಿ, “ಮೊದ್ಲು ನೀವು ತಿನ್ನಿ ಹೆಗಡೇರೆ, ನಿಮ್ಮಿಂದ ಆದದ್ದು,” ಎಂದು ಒಂದು ಇಡೀ ಲಾಡನ್ನು ಅವನ ಬಾಯಿಗೆ ತುರುಕಿದಳು. ಕಣ್ಣಲ್ಲಿ ನೀರು ಬರುವಷ್ಟು ದೊಡ್ಡ ಲಾಡು. ಹೇಳಬೇಕಾದ ಮಾತು, ಲಾಡು, ಎರಡೂ ಒಂದೇ ಬಾಯಿಯಲ್ಲಿ ಜಾಗಕ್ಕೆ ಜಗಳವಾಡಿದವು. ಅವನು ಕಷ್ಟಪಟ್ಟು ನುಂಗಿ ಹೇಳಿದ:

“ಗಂಗೆ, ಆ ಸೀಟು... ಹೋತು.”

“ಹೋತಾ?” ಗಂಗೆ ಹೌಹಾರಿದಳು. “ಸೀಟು ಆಗ್ಲೇ ಹೋತಾ? ಮತ್ತೆ ಇವ್ಳು ಯಾವಾಗ ಹೋಗುದು?”

ಹಳದಿಪುರದ ರಸ್ತೆಯ ಬದಿಯಲ್ಲಿ, ಲಾರಿಗಳ ಸದ್ದಿನ ನಡುವೆ, ಅರ್ಚನಾ ಕೆಳಗಿಳಿದು ತಾಯಿಯ ಕೈಹಿಡಿದು ಬಿಡಿಸಿ ಹೇಳಬೇಕಾಯಿತು. ಸೀಟು ಬೇರೆಯವರಿಗೆ ಹೋಯಿತು. ನಾನು ಹೋಗುವುದಿಲ್ಲ. ಮುಂದಿನ ವರ್ಷವೂ ಇಲ್ಲ. ಗುಂಡಿ ಒತ್ತಿದ್ದು ಅವರಿಗೆ ಮುಟ್ಟಲಿಲ್ಲ. ಇನ್ನೊಂದು ಕಡೆ ಹೋಗಿ ಒಪ್ಪಿಗೆ ಬರೆಯಬೇಕಿತ್ತು.

ಗಂಗೆ ಪೂರ್ತಿ ಕೇಳಿದಳು. ಲಾಡಿನ ಪೊಟ್ಟಣವನ್ನು ಕಾರಿನ ಮೇಲೆ ಇಟ್ಟಳು. ಇಟ್ಟು, ಮಗಳ ಬೆನ್ನಿಗೆ ರಪ್ಪೆಂದು ಬಾರಿಸಿದಳು.

“ಅಷ್ಟು ಓದಿದವ್ಳು! ಕೇಳಕಾಗಿತ್ತು! ಬಾಯಿ ಇಲ್ಯಾ ನಿಂಗೆ? ಹೆಗಡೇರ ಹತ್ರ ಒಂದ್ ಮಾತು ಕೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?”

ಅರ್ಚನಾ ತ್ರ್ಯಂಬಕನ ಮುಖ ನೋಡಿದಳು. ಕೇಳಿದ್ದಳಲ್ಲ. ಮಾಳಿಗೆ ಹತ್ತಿ ಬಂದು, ಫೋನು ತೋರಿಸಿ, ಇನ್ನೆಂತಾರು ಮಾಡುದು ಇದ್ಯಾ ಎಂದು ಬಾಯಿಬಿಟ್ಟು ಕೇಳಿದ್ದಳು. ಅದು ಫೋನಿನಲ್ಲಿ ಕೇಳಿದ್ದಲ್ಲ, ಯಾರದೋ ಮೂಲಕ ಕೇಳಿಸಿದ್ದಲ್ಲ. ಈಗ ಅವನು ‘ಕೇಳಿದ್ದಳು, ಗಂಗೆ’ ಎಂದು ಎರಡು ಶಬ್ದ ಹೇಳಿದರೆ ಸಾಕಿತ್ತು. ಸೀಟು ಬರುತ್ತಿರಲಿಲ್ಲ, ಬೆನ್ನಾದರೂ ಉಳಿಯುತ್ತಿತ್ತು.

ತ್ರ್ಯಂಬಕನ ಹಲ್ಲಿನ ಸಂದಿಯಲ್ಲಿ ಲಾಡಿನ ಲವಂಗ ಸಿಕ್ಕಿಕೊಂಡಿತ್ತು. ಅವನು ಅದನ್ನು ನಾಲಗೆಯಿಂದ ತೆಗೆಯುವುದರಲ್ಲಿ ತೊಡಗಿದ.

ಗಂಗೆ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಕಿಟಕಿಯ ಹತ್ತಿರ ಬಂದಳು. ಕೈ ಮುಗಿದಳು.

“ತಪ್ಪು ತಿಳ್ಕಣ್ಬೇಡಿ ಹೆಗಡೇರೆ. ಹುಡ್ಗಿಗೆ ಬುದ್ಧಿ ಸಾಲುದಿಲ್ಲ. ನೀವು ಅಷ್ಟು ಕಷ್ಟಪಟ್ಟು ಮಾಡ್ಕೊಟ್ರಿ, ಸ್ಟೇಜಲ್ಲಿ ನಿಮ್ಮ ಮರ್ಯಾದೆ ಇವ್ಳ ಕೈಯಲ್ಲಿ ಇತ್ತು, ನಿಮ್ಗೂ ಅವಮಾನ ಮಾಡಿಟ್ಲು. ನಮ್ಮನ್ನ ಕ್ಷಮಿಸ್ಬೇಕು.”

ತ್ರ್ಯಂಬಕ ಏನಾದರೂ ಹೇಳಲೇಬೇಕಿತ್ತು. ಬಾಯಿ ತೆರೆದಾಗ ಒಳಗಿನಿಂದ ಒಂದು ದೊಡ್ಡ ಮನಸ್ಸಿನ ಧ್ವನಿ ಬಂತು. ಅದು ತನ್ನದೇ ಎಂದು ಅವನಿಗೇ ಆಶ್ಚರ್ಯವಾಯಿತು.

“ಇರ್ಲಿ ಬಿಡು ಗಂಗೆ. ಮಕ್ಕಳು. ನಾನು ಮನಸ್ಸಿಗೆ ಹಚ್ಕೊಂಡಿಲ್ಲ.”

ಅರ್ಚನಾ ಮತ್ತೆ ಕಾರು ಹತ್ತಲಿಲ್ಲ. ಕುಮಟೆ ಕಡೆಯಿಂದ ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿದಳು. ಗಂಗೆ “ಏ, ಏ” ಎನ್ನುತ್ತ ಹಿಂದೆ ಓಡಿ ತಾನೂ ಹತ್ತಿದಳು. ಬಸ್ಸು ಹೊನ್ನಾವರದ ಕಡೆ ಹೋಯಿತು. ಹಣ್ಣಿನ ಬುಟ್ಟಿ ಹಿಂದಿನ ಸೀಟಿನಲ್ಲೇ ಉಳಿದಿತ್ತು. ತ್ರ್ಯಂಬಕ ಹೊರಡುವಾಗ ಕಾರಿನ ಮೇಲಿದ್ದ ಲಾಡುಗಳು ರಸ್ತೆಗೆ ಉರುಳಿದವು. ಮನೆಯಲ್ಲಿ ವನಮಾಲಾ ಆ ಬುಟ್ಟಿಯ ಸೇಬನ್ನು ತೊಳೆಯುತ್ತ, “ಆ ಕೂಸಿನ ಕಥೆ ಎಂತಾತು?” ಎಂದು ಕೇಳಿದಳು. ಅವನು ಎಲ್ಲ ಹೇಳಿದ. ಅವಳು ಒಂದು ಸೇಬನ್ನೂ ತಿನ್ನಲಿಲ್ಲ. ಅವನು ತಿಂದ, ಹಾಳಾಗಬಾರದಲ್ಲ.

ಮರುದಿನ ಸುಶ್ಮಿತಾ ಆ್ಯಪಿನ ಒಂದು ಗುಂಡಿಯನ್ನು ಎರಡು ಮಾಡಿದಳು, ‘ಮಾಡಿದೆ’, ‘ಮಾಡುತ್ತೇನೆ’. ಮಾಡಿ, ಕೀಲಿಕೈ ಒಪ್ಪಿಸುವ ಬಾಡಿಗೆದಾರಳ ಹಾಗೆ ಪಾಸ್‌ವರ್ಡುಗಳನ್ನೆಲ್ಲ ಕಳಿಸಿ, ಮತ್ತೆ ಅವನ ಫೋನು ಎತ್ತಲಿಲ್ಲ. ಅರ್ಚನಾ ಈಗ ಮುರ್ಡೇಶ್ವರದ ಒಂದು ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೂರುತ್ತಾಳೆ; ಸಮುದ್ರ ಕಾಣುವ ಕೋಣೆ ಬೇಕೆನ್ನುವವರಿಗೆ ಸಮುದ್ರ ಕಾಣುವ ಕೋಣೆ ಕೊಡುತ್ತಾಳೆ. ಗಂಗೆಗೆ ಮೀನುಪೇಟೆಯಲ್ಲಿ ಹೊಸ ಹೆಸರು ಬಿದ್ದಿದೆ, ‘ನಾರ್ವೆ ಗಂಗೆ’. ಅವಳೊಡನೆ ಬೆಲೆ ಚೌಕಾಸಿ ಮಾಡಿ ಸೋತವರು, “ಏನೇ ನಾರ್ವೆ, ಮಗ್ಳು ಪೆಟ್ಗೆ ಕಟ್ಟಿ ಆಯ್ತಾ?” ಎನ್ನುತ್ತಾರೆ. ಅವಳು ಕತ್ತಿಯಿಂದ ಮೀನಿನ ರೆಕ್ಕೆ ಸವರುತ್ತ ಇರುತ್ತಾಳೆ.

ತ್ರ್ಯಂಬಕ ಮೂರು ತಾಲೂಕುಗಳಲ್ಲಿ ಹೆಸರುವಾಸಿ. ಕಾಲೇಜುಗಳಿಗೆ ಹೋಗಿ ಉಪನ್ಯಾಸ ಕೊಡುತ್ತಾನೆ. ಮೊನ್ನೆ ಭಟ್ಕಳದ ಒಂದು ಸಭಾಂಗಣದಲ್ಲಿ, ಹಿಂದೆ ಪ್ರಿಂಟಿಗೆ ಮಾತ್ರ ಬರುತ್ತಿದ್ದವರ ತಮ್ಮ ತಂಗಿಯರು ತುಂಬಿ ಕೂತಿದ್ದರು. ಎಷ್ಟು ಜಾಗರೂಕರಾಗಿರಬೇಕು ಎಂಬುದಕ್ಕೆ ಅವನು ಒಂದು ಕಥೆ ಹೇಳುತ್ತಾನೆ. ಒಬ್ಬ ಹುಡುಗಿ ಇದ್ದಳು, ಹೆಸರು ಬೇಡ. ಸೀಟಿಗೆ ಒಪ್ಪಿಗೆ ತಿಳಿಸು ಎಂದರೆ ಗುಂಡಿ ಒತ್ತಿ ಮನೆಯಲ್ಲಿ ಕೂತಳು, ಯಾರನ್ನೂ ಒಂದು ಮಾತು ಕೇಳಲಿಲ್ಲ. ಅದನ್ನು ಕಂಡ ಮೇಲೆಯೇ ನಾನು ಒಂದು ಗುಂಡಿಯನ್ನು ಎರಡು ಮಾಡಿಸಿದೆ. ಅವಳ ತಾಯಿಗೆ ಸೀಟು ಹೋಯಿತು ಎಂದು ತಿಳಿಸಿದಾಗ ಆ ತಾಯಿ ಏನೆಂದಳು ಗೊತ್ತೇ?

ಇಲ್ಲಿ ತ್ರ್ಯಂಬಕ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು, ಮೀನುಪೇಟೆಯ ಹೆಂಗಸಿನ ದನಿ ತೆಗೆಯುತ್ತಾನೆ. ದನಿ ಅವನಿಗೆ ಚೆನ್ನಾಗಿ ಬರುತ್ತದೆ.

“ಸೀಟು ಆಗ್ಲೇ ಹೋತಾ? ಮತ್ತೆ ಇವ್ಳು ಯಾವಾಗ ಹೋಗುದು?”

ಸಭೆ ಬಿದ್ದು ಬಿದ್ದು ನಗುತ್ತದೆ. ಹಿಂದಿನ ಗೋಡೆಯಲ್ಲಿ, ಮುದ್ರಿಸಿದ್ದು ಹಾಳಾಗಬಾರದೆಂದು ಈಗಲೂ ಅಂಟಿಸುವ ಪೋಸ್ಟರಿನಲ್ಲಿ, ಒಬ್ಬ ಹುಡುಗಿ ನಾರ್ವೆಗೆ ಹೊರಟು ನಿಂತಿರುತ್ತಾಳೆ. ನಗುವವರು ಯಾರೂ ಆ ಕಡೆ ನೋಡುವುದಿಲ್ಲ. ನಗು ಎಲ್ಲಿ ಏಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ತ್ರ್ಯಂಬಕನಿಗೆ ಈಗ ರೂಢಿಯಾಗಿದೆ. ಅದು ಪೂರ್ತಿ ಇಳಿಯುವವರೆಗೆ ಅವನು ಕಾಯುತ್ತಾನೆ, ಲೋಟದಿಂದ ಒಂದು ಗುಟುಕು ನೀರು ಕುಡಿಯುತ್ತಾನೆ, ಆಮೇಲೆ ಕೆನಡಾದ ಜಾಕೆಟ್ಟಿಗೆ ಬರುತ್ತಾನೆ.